ಮಾಲ್ಟಾದ ಬಸ್ ಸ್ಟಾಪಿನಲ್ಲಿ ಕಣಕಟ್ಟೆಯ ಅಜ್ಜಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಕ್ಕವಳು ನಾನು. ಈಗ ನಾನೇ ಹೇಳಹೊರಟಿದ್ದೇನೆ, ನೀವು ನಕ್ಕರೆ ಬೇಸರವಿಲ್ಲ. ನಮ್ಮದು ಅರಸೀಕೆರೆಯ ಬೌದ್ಧ ಕುಟುಂಬ. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ ದೆವ್ವ, ಗಾಳಿ, ಶಕುನ ಇವು ಯಾವುದನ್ನೂ ಮನೆಯೊಳಗೆ ಬಿಟ್ಟವರಲ್ಲ. ಚಿಕ್ಕವಳಿದ್ದಾಗ ಕೆರೆ ಏರಿಯ ಮೇಲೆ ಬಿಳಿ ಸೀರೆಯವಳು ಕಂಡಳು ಅಂತ ಗೆಳತಿಯೊಬ್ಬಳು ಹೇಳಿದ್ದಕ್ಕೆ, ಅಪ್ಪ ನನ್ನನ್ನು ಸಂಜೆ ಅಲ್ಲಿಗೇ ಕರೆದುಕೊಂಡು ಹೋಗಿ ಕೂರಿಸಿ, ಕಡಲೆಕಾಯಿ ಕೊಡಿಸಿ, ಯಾರೂ ಬರಲಿಲ್ಲ ಅಂತ ತೋರಿಸಿ ವಾಪಸ್ ಕರೆತಂದಿದ್ದರು. ಅಂಥವರ ಮಗಳು ನಾನು.

ಎರಡು ಸಾವಿರದ ಮೂರನೇ ಇಸವಿ. ಹಾಸನದಲ್ಲಿ ಎಂಬಿಎ ಮುಗಿಸುವುದರಲ್ಲಿದ್ದೆ. ನನ್ನ ಸೋದರಮಾವ ಹಳೇಬೀಡಿನಲ್ಲಿ ಗೈಡ್ ಆಗಿದ್ದರು. ರಜೆ ಬಂದರೆ ಇಂಗ್ಲಿಷ್ ರೂಢಿಯಾಗಲಿ ಅಂತ ನಾನೂ ಅವರ ಹಿಂದೆ ತಿರುಗುತ್ತಿದ್ದೆ. ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು. ಹಾಗೆ ಒಂದು ದಿನ ಸಿಕ್ಕವರು ರೀಟಾ ಅನ್ನುವ ಮಾಲ್ಟಾ ದೇಶದ ಹೆಂಗಸು. ಕಡಲ ತೀರದ ಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಸಣ್ಣ ಕಂಪನಿ ಅವರದು. ನಾನು ಮಾತಾಡುವ ರೀತಿ ಅವರಿಗೆ ಹಿಡಿಸಿತು. ಇಂಡಿಯಾದ ಪ್ರವಾಸಿಗರನ್ನು ಸೆಳೆಯಬೇಕು, ಆರು ತಿಂಗಳು ಮಾರ್ಕೆಟಿಂಗ್ ಇಂಟರ್ನ್ ಆಗಿ ಬಾ ಅಂದರು. ಕಾಲೇಜಿನವರು ಒಪ್ಪಿದರು, ವೀಸಾನೂ ಆಯಿತು.

ನಮ್ಮ ಬೀದಿಯಿಂದ ವಿಮಾನ ಹತ್ತಿದ ಮೊದಲನೆಯವಳು ನಾನು. ಅಪ್ಪ ಆಫೀಸಿನಲ್ಲಿ ಮೈಸೂರುಪಾಕು ಹಂಚಿದರು. ನನ್ನನ್ನು ಕಳಿಸೋಕೆ ನೆಂಟರೆಲ್ಲ ಸ್ಟೇಷನ್ನಿಗೆ ಬಂದಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅಷ್ಟು ಜನ ಬಂದು ಕಳಿಸಿದ ಮೇಲೆ ಅರ್ಧಕ್ಕೇ ವಾಪಸ್ ಬರುವ ದಾರಿ ನನಗೆ ಉಳಿದಿರಲಿಲ್ಲ.

ಮಾಲ್ಟಾ ಪುಟ್ಟ ದ್ವೀಪ. ಅರಸೀಕೆರೆ ತಾಲೂಕಿನೊಳಗೆ ಅಂಥ ಮೂರು ನಾಲ್ಕು ಹಿಡಿಸಬಹುದು. ಎಲ್ಲಿ ನೋಡಿದರೂ ಜೇನುಬಣ್ಣದ ಕಲ್ಲಿನ ಕಟ್ಟಡ, ಕಣ್ಣು ಕುಕ್ಕುವ ಬಿಸಿಲು, ನೀಲಿ ನೀರು. ರೀಟಾ ಒಳ್ಳೆಯವರೇ. ಆದರೆ ಕೆಲಸಕ್ಕೆ ಹೊತ್ತುಗೊತ್ತು ಅಂತಿರಲಿಲ್ಲ. ಎಲ್ಲಾ ಫ್ಲೆಕ್ಸಿಬಲ್, ನಿನಗೆ ಅನುಕೂಲವಾದಾಗ ಮಾಡು ಅಂದಿದ್ದರು. ಆಫೀಸಿನಲ್ಲಿ ನನಗೊಂದು ಕುರ್ಚಿಯೂ ಇರಲಿಲ್ಲ. ಬ್ರೋಷರ್‌ಗಳ ಚೀಲ ಹಿಡಿದು ಹೋಟೆಲುಗಳಿಗೆ, ಅಂಗಡಿಗಳಿಗೆ ಹೋಗಿ ಕೊಟ್ಟು ಬರಬೇಕು, ಸಂಜೆ ಸೈಬರ್ ಕೆಫೆಯಿಂದ ಒಂದು ಈಮೇಲ್ ಕಳಿಸಬೇಕು. ಬೇಸಿಗೆ ಶುರುವಾದ ಮೇಲೆ ರೀಟಾ ಹೆಚ್ಚಾಗಿ ಇಟಲಿಯಲ್ಲೇ ಇರುತ್ತಿದ್ದರು. ನನ್ನ ಉದ್ದುದ್ದ ಈಮೇಲಿಗೆ "ಗುಡ್" ಅಂತ ಒಂದು ಪದ ಬರುತ್ತಿತ್ತು. ಆಮೇಲೆ ಅದೂ ನಿಂತಿತು.

ನಾನಿದ್ದ ಕೋಣೆಯ ಕೆಳಗಿನ ಮನೆಯವರು ಬೇಸಿಗೆಗೆಂದು ಬೀಗ ಹಾಕಿಕೊಂಡು ಮಗಳ ಊರಿಗೆ ಹೋದರು. ಒಂದು ಸಲ ಪರೀಕ್ಷೆ ಮಾಡಿ ನೋಡಿದೆ. ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಯಾರೂ ಕೇಳಲಿಲ್ಲ. ಆ ಮೂರು ದಿನದಲ್ಲಿ ನನ್ನ ಬಾಯಿಂದ ಹೊರಟ ಮಾತು ಒಂದೇ, ಬ್ರೆಡ್ಡಿನ ಅಂಗಡಿಯಲ್ಲಿ ಹೇಳಿದ "ಥ್ಯಾಂಕ್ಯೂ". ಬೆಳಿಗ್ಗೆ ಎದ್ದರೂ ಒಂದೇ, ಏಳದಿದ್ದರೂ ಒಂದೇ ಅನ್ನುವ ಯೋಚನೆ ಒಮ್ಮೆ ತಲೆಗೆ ಹೊಕ್ಕಿದ್ದು ಹೋಗಲೇ ಇಲ್ಲ. ಭಾನುವಾರ ಬೂತಿನಿಂದ ಮನೆಗೆ ಫೋನ್ ಮಾಡಿದಾಗ ಮಾತ್ರ ಎಲ್ಲ ಚೆನ್ನಾಗಿದೆ, ಸ್ನೇಹಿತರು ಬೇಕಾದಷ್ಟು ಜನ ಇದ್ದಾರೆ ಅನ್ನುತ್ತಿದ್ದೆ. ಅಮ್ಮ ನಂಬುತ್ತಿದ್ದಳು.

ಜುಲೈ ತಿಂಗಳ ಒಂದು ಮಧ್ಯಾಹ್ನ ನಡೆದದ್ದು ಇದು. ಕಡಲ ಪಕ್ಕದ ರಸ್ತೆಯಲ್ಲಿ ನಡೆಯುತ್ತಾ ಹೋದವಳು ಬ್ರೋಷರ್ ಚೀಲವನ್ನು ಬಂಡೆಯ ಮೇಲಿಟ್ಟು, ಚಪ್ಪಲಿ ಹಾಕಿಕೊಂಡೇ ನೀರಿಗೆ ಇಳಿದೆ. ಮೊಣಕಾಲವರೆಗೆ, ಆಮೇಲೆ ಇನ್ನೂ ಸ್ವಲ್ಪ. ಏನು ಮಾಡಬೇಕೆಂದಿದ್ದೆ ಅಂತ ನೀವು ಕೇಳಬಹುದು. ನನಗೆ ಈಜು ಬರುತ್ತಿರಲಿಲ್ಲ, ಅದು ನನಗೆ ನೆನಪಿತ್ತು, ಅಷ್ಟು ಮಾತ್ರ ಹೇಳಬಲ್ಲೆ. ಒಂದು ಅಲೆ ಬಂದು ಬಂಡೆಗೆ ನೂಕಿತು. ಹೆದರಿ ಮೇಲೆ ಬಂದೆ. ರಸ್ತೆಯ ಬಸ್ ಸ್ಟಾಪಿನಲ್ಲಿ ಕೂತೆ. ಕಾಲು ಒಣಗಿ ಬೆಳ್ಳಗೆ ಉಪ್ಪು ಕಟ್ಟಿತು. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಆಮೇಲೆ ಮತ್ತೆ ಎದ್ದು ನೀರಿನ ಕಡೆ ಹೊರಟೆ.

"ಎಲ್ಲಿಗವ್ವ ಓಯ್ತೀಯ? ಬಸ್ಸು ಈಗ ಬತ್ತದೆ. ಕುಂತ್ಕೋ."

ತಿರುಗಿ ನೋಡಿದರೆ ಬೆಂಚಿನ ಮೇಲೆ ಒಬ್ಬ ಅಜ್ಜಿ. ಹಸಿರು ಸೀರೆ, ಮೂಗಿನಲ್ಲಿ ಎರಡೂ ಕಡೆ ಬೊಟ್ಟು, ತೊಡೆಯ ಮೇಲೆ ಒಂದು ವೈರ್ ಬುಟ್ಟಿ. ಇಲ್ಲಿ ನಿಮಗೆ ನಂಬೋಕೆ ಕಷ್ಟವಾಗುವ ಮಾತೊಂದು ಹೇಳಬೇಕು. ನನಗೆ ಆಗ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. ಹೇಳಿದ ಹಾಗೆ ಹೋಗಿ ಪಕ್ಕದಲ್ಲಿ ಕೂತೆ. ಅಷ್ಟು ಹೊತ್ತು ಸುಡುತ್ತಿದ್ದ ಜಾಗದಲ್ಲಿ ತಣ್ಣಗೆ ಗಾಳಿ ಬೀಸುತ್ತಿತ್ತು.

ಯಾವೂರು ಅಂತ ಕೇಳಿದಳು, ಅರಸೀಕೆರೆ ಅಂದೆ. ತನ್ನದು ಕಣಕಟ್ಟೆ, ಕೊಬ್ಬರಿ ಗೋಡೌನಿನ ಹಿಂದಿನ ಮನೆ, ನಿಂಗಮ್ಮ ಅಂದರೆ ಯಾರಾದರೂ ತೋರಿಸುತ್ತಾರೆ ಅಂದಳು. ಬುಟ್ಟಿಯಿಂದ ಕೊಬ್ಬರಿ ಚೂರು ತೆಗೆದು ಕೈಗೆ ಕೊಟ್ಟಳು. ತಿಂದೆ. ತಿಂದುಬಿಟ್ಟದ್ದರಿಂದ ಸಾಕ್ಷಿ ಅಂತ ಏನೂ ಉಳಿಯಲಿಲ್ಲ. ಯಾಕೆ ಅಳುತ್ತೀಯ ಅಂತ ಕೇಳಿದಾಗಲೇ ನಾನು ಅಳುತ್ತಿರುವುದು ನನಗೆ ತಿಳಿದದ್ದು. ತಿಂಗಳುಗಟ್ಟಲೆ ಒಳಗಿದ್ದದ್ದನ್ನೆಲ್ಲ ಕನ್ನಡದಲ್ಲಿ ಹೇಳಿಕೊಂಡೆ. ನಾನು ಇದ್ದರೂ ಸತ್ತರೂ ಇಲ್ಲಿ ನೋಡುವವರು ಒಬ್ಬರೂ ಇಲ್ಲ ಅಂದೆ.

ಅಜ್ಜಿ ಸಮಾಧಾನದ ಮಾತೇನೂ ಆಡಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ನಾನು ನೋಡ್ತಾ ಇಲ್ವೇನವ್ವ?" ಅಂದಳು.

ಅಷ್ಟರಲ್ಲಿ ಹಳದಿ ಬಸ್ಸು ಬಂತು. ಅವಳೇ ನನ್ನ ತೋಳು ಹಿಡಿದು ಎಬ್ಬಿಸಿದಳು. ಹತ್ತಿದೆ. ಕಿಟಕಿಯಿಂದ ನೋಡಿದಾಗ ಅವಳು ಕೂತೇ ಇದ್ದಳು. ಡ್ರೈವರ್ ಇಂಗ್ಲಿಷಿನಲ್ಲಿ ಎಲ್ಲಿಗೆ ಟಿಕೆಟ್ ಅಂದಾಗ ನಿದ್ದೆಯಿಂದ ಎಬ್ಬಿಸಿದ ಹಾಗಾಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ಓಡಿದೆ. ಬೆಂಚು ಖಾಲಿ. ಎದುರಿಗೆ ವ್ಯಾನಿನಲ್ಲಿ ಐಸ್‌ಕ್ರೀಂ ಮಾರುತ್ತಿದ್ದವನನ್ನು ಕೇಳಿದೆ. ನೀನೊಬ್ಬಳೇ ಕೂತು ಏನೋ ಮಾತಾಡಿಕೊಳ್ಳುತ್ತಿದ್ದೆ, ಈ ಬಿಸಿಲಿಗೆ ಟೋಪಿ ಇಲ್ಲದೆ ಬರಬೇಡ ಅಂದ. ನಾನು ಬಂಡೆಯ ಮೇಲಿಂದ ಚೀಲ ತೆಗೆದುಕೊಂಡು ಬಂದೆ.

ಬಿಸಿಲು ತಲೆಗೆ ಹತ್ತಿತ್ತು ಅಂತಲೇ ನಾನೂ ತೀರ್ಮಾನ ಮಾಡಿದೆ. ಆದರೆ ಮಾರನೆಯ ದಿನ ರೀಟಾಗೆ ಫೋನ್ ಮಾಡಿ, ನನಗೆ ಫ್ಲೆಕ್ಸಿಬಲ್ ಬೇಡ, ಆಫೀಸಿನಲ್ಲಿ ಒಂದು ಕುರ್ಚಿ ಕೊಡಿ, ಒಂಬತ್ತರಿಂದ ಐದರವರೆಗೆ ಬರುತ್ತೇನೆ ಅಂದೆ. ಅವರು ನನ್ನ ದನಿ ಕೇಳಿ ಗಾಬರಿಯಾಗಿ ಅದೇ ವಾರ ವಾಪಸ್ ಬಂದರು. ಉಳಿದ ದಿನಗಳು ಹೇಗೋ ಕಳೆದವು. ದಸರಾ ಹೊತ್ತಿಗೆ ಊರಿಗೆ ಬಂದೆ.

ಯಾರಿಗೂ ಹೇಳಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಅಪ್ಪನ ಹತ್ತಿರ ಬಾಯಿಬಿಟ್ಟೆ. ನೀರಿಗಿಳಿದದ್ದನ್ನೂ ಹೇಳಿದೆ. ಅಪ್ಪ ಕನ್ನಡಕ ತೆಗೆದು ಒರೆಸುತ್ತಾ ಕೂತರು. ಆಮೇಲೆ, "ಕಣಕಟ್ಟೆ ಇಲ್ಲೇ ಇದೆಯಲ್ಲ. ಹೋಗಿ ನೋಡೋಣ. ನೋಡದೆ ಇಲ್ಲ ಅನ್ನೋದೂ ಮೂಢನಂಬಿಕೆನೇ ಕಣಮ್ಮ" ಅಂದರು. ಅಂಥ ಮನೆ ಇರುವುದಿಲ್ಲ, ಮಗಳ ತಲೆಯಲ್ಲಿರುವುದು ಅಲ್ಲಿಗೆ ಇಳಿಯುತ್ತದೆ ಅಂತ ಅವರ ಲೆಕ್ಕ. ಸ್ಕೂಟರಿನಲ್ಲಿ ಹೊರಟೆವು.

ಕೊಬ್ಬರಿ ಗೋಡೌನ್ ಇತ್ತು. ಅದರ ಹಿಂದೆ ಹೆಂಚಿನ ಮನೆಯೂ ಇತ್ತು. ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಗಸು, ನಿಂಗಮ್ಮನ ಮನೆ ಇದೇ, ತಾನು ಸೊಸೆ ಅಂದಳು. ಅಪ್ಪ ಅರಸೀಕೆರೆಯಿಂದ ಬಂದಿದ್ದೇವೆ ಅಂದಾಗ, ಅವಳು ನಮ್ಮನ್ನು ಮೇಲಿಂದ ಕೆಳಗೆ ನೋಡಿ ನೀವು ಯಾರ ಪೈಕಿ ಅಂತ ಕೇಳಿದಳು. ಆ ಪ್ರಶ್ನೆಯ ಅರ್ಥ ನಮಗೆ ಗೊತ್ತು. ಅಪ್ಪ ಎಂದಿನ ಹಾಗೆ ಮುಚ್ಚುಮರೆಯಿಲ್ಲದೆ ಉತ್ತರ ಹೇಳಿದರು. ಅವಳು ಏಳಲಿಲ್ಲ, ಕೂತ್ಕೊಳ್ಳಿ ಅಂತಲೂ ಅನ್ನಲಿಲ್ಲ.

ಒಳಗಿಂದ ಅಜ್ಜಿ ಬಂದಳು. ಅದೇ ಮುಖ, ಅದೇ ಎರಡು ಬೊಟ್ಟು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಈಗ ಉಷಾರಾಗಿದ್ದೀಯೇನವ್ವ?" ಅಂದಳು. ಸೊಸೆಯ ಕಡೆ ತಿರುಗಿ, "ನಂಗೆ ಗೊತ್ತಿರೋ ಮಗ ಕಣೇ. ಚಾಪೆ ಆಸು" ಅಂದಳು.

ನಡುಮನೆಯಲ್ಲಿ ಕೂತೆವು. ಅಪ್ಪ ಪರೀಕ್ಷೆ ಮಾಡುವವರ ಹಾಗೆ ಒಂದೊಂದಾಗಿ ಕೇಳಿದರು. ನಾನೇನೂ ಹೇಳಬಾರದು ಅಂತ ಕಣ್ಣಲ್ಲೇ ಸೂಚಿಸಿದರು. ಅಜ್ಜಿ ಹೇಳಿದ್ದು ಇಷ್ಟು. ಹೋದ ಆಷಾಢದಲ್ಲಿ ಗಂಡಸಿ ಅನ್ನುವ ಊರಿನಲ್ಲಿರುವ ಮಗಳ ಮನೆಗೆ ಹೋಗೋಣ ಅಂತ ಊರಿನ ಬಸ್ ಸ್ಟಾಪಿನಲ್ಲಿ ಕೂತಿದ್ದಳಂತೆ. ಪಕ್ಕದಲ್ಲಿ ಪ್ಯಾಂಟು ಹಾಕಿದ ಒಂದು ಹುಡುಗಿ ಅಳುತ್ತಾ ಕೂತಿತ್ತು. ಯಾವಾಗ ಬಂತೋ ನೋಡಲಿಲ್ಲ. ಆವತ್ತು ಬಿಸಿಲೇ ಇರಲಿಲ್ಲ, ಮೋಡ ಕವಿದು ಗಾಳಿ ಬೀಸುತ್ತಿತ್ತು. ಆದರೆ ಹುಡುಗಿಯ ಮುಖ ಬಿಸಿಲಿಗೆ ಬೆಂದ ಹಾಗಿತ್ತು, ಮೂಗಿನ ಮೇಲೆ ಚರ್ಮ ಸುಲಿದಿತ್ತು, ಕಾಲೆಲ್ಲ ಬೆಳ್ಳಗೆ ಉಪ್ಪು. ಆಷಾಢವಲ್ಲವೇ, ಗಂಡನ ಮನೆಯಲ್ಲಿ ಜಗಳವಾಡಿಕೊಂಡು ತೌರಿಗೆ ಹೊರಟ ಹೊಸ ಮದುವಣಗಿತ್ತಿ ಇರಬೇಕು ಅಂದುಕೊಂಡಳಂತೆ. ಹುಡುಗಿ ಎದ್ದು ಎತ್ತಲೋ ಹೊರಟಾಗ, ಅದರ ನಡಿಗೆ ಸರಿ ಕಾಣಲಿಲ್ಲ ಅಂತ ಕೂಗಿ ಕೂರಿಸಿದಳು. ಬಸ್ಸು ಬಂದಾಗ ಹತ್ತಿಸಿದಳು. ಆ ಗಡಿಬಿಡಿಯಲ್ಲಿ ತಾನು ಹತ್ತುವುದನ್ನೇ ಮರೆತು ಕೂತಳಂತೆ.

"ಯಾವ ಬಸ್ಸು?" ಅಪ್ಪ ಕೇಳಿದರು.

"ಅರಸೀಕೆರೆದು. ಅದು ಬುಟ್ರೆ ಇಲ್ಲಿಂದ ಇನ್ನೆಲ್ಲಿಗೆ ಓಗ್ತದೆ?"

ಆಗ ನಾನು ತಡೆಯಲಾರದೆ, ನಾನು ಆವತ್ತು ಇಲ್ಲಿರಲಿಲ್ಲ, ಸಮುದ್ರದ ಆಚೆ ಒಂದು ದ್ವೀಪದಲ್ಲಿದ್ದೆ, ನೀವೇ ಅಲ್ಲಿಗೆ ಬಂದಿರಿ ಅಂದೆ. ಅಜ್ಜಿ ತಾನು ತಾಲೂಕು ದಾಟಿದವಳಲ್ಲ, ಸಮುದ್ರ ಹೇಗಿರುತ್ತದೆ ಅಂತಲೂ ಗೊತ್ತಿಲ್ಲ ಅಂದಳು. ಆಮೇಲೆ, ಆವತ್ತು ನಿಮ್ಮ ಮಗಳಿಗೆ ತಲೆ ನೆಟ್ಟಗಿರಲಿಲ್ಲ, ಎಲ್ಲಿದ್ದಳು ಅಂತ ಅವಳಿಗೇ ಗೊತ್ತಿರಲಿಕ್ಕಿಲ್ಲ ಅಂತ ಅಪ್ಪನಿಗೆ ಮೆಲ್ಲಗೆ ಹೇಳಿದಳು. ಸೊಸೆ ನಾವು ಕೇಳದೆಯೇ ಸ್ಟೀಲ್ ಲೋಟದಲ್ಲಿ ಕಾಫಿ ತಂದಿಟ್ಟಳು.

ವಾಪಸ್ ಬಂದ ಮೇಲೆ ಅಪ್ಪ ಮನೆ ಹತ್ತಿರ ಸ್ಕೂಟರ್ ನಿಲ್ಲಿಸಿ, ಇದಕ್ಕೆ ಏನೋ ವಿವರಣೆ ಇದ್ದೇ ಇರುತ್ತೆ, ಹುಡುಕಬೇಕು ಅಂದರು. ಹುಡುಕಿದರು ಕೂಡ. ನನ್ನ ಪಾಸ್‌ಪೋರ್ಟಿನ ಮೇಲಿನ ಮುದ್ರೆಗಳನ್ನು ಭೂತಕನ್ನಡಿ ಹಿಡಿದು ನೋಡಿದರು. ಹಿಂದೆ ಎಂದಾದರೂ ಬಸ್ಸಿನಲ್ಲಿ, ಸಂತೆಯಲ್ಲಿ ಆ ಅಜ್ಜಿಯನ್ನು ನೋಡಿದ್ದೆಯಾ ಅಂತ ಎಷ್ಟೋ ಸಲ ಕೇಳಿದರು. ನೋಡಿರಬಹುದು, ನೆನಪಿಲ್ಲ. ಹಾಗೆ ನೋಡಿದ್ದರೆ ನನ್ನ ಕಡೆಯ ಕಥೆ ಬಗೆಹರಿಯುತ್ತದೆ, ಅಜ್ಜಿಯ ಕಡೆಯದು ಬಗೆಹರಿಯುವುದಿಲ್ಲ. ನಿವೃತ್ತರಾದ ಮೇಲೆ ಅಪ್ಪ ಕೇಳುವುದನ್ನು ಬಿಟ್ಟರು. ಈಗ ಅದರ ಮಾತೆತ್ತಿದರೆ ಟೀವಿಯ ದನಿ ಜಾಸ್ತಿ ಮಾಡುತ್ತಾರೆ.

ವರ್ಷಕ್ಕೆ ಒಂದೆರಡು ಸಲವಾದರೂ ನಾನು ಕಣಕಟ್ಟೆಗೆ ಹೋಗಿ ಬರುತ್ತಿದ್ದೆ. ನಿಂಗಮ್ಮಜ್ಜಿ ನನ್ನನ್ನು ಮುಂದೆ ಕೂರಿಸಿಕೊಂಡು ಬಂದವರಿಗೆಲ್ಲ, ದಾರಿ ತಪ್ಪಿ ನಮ್ಮೂರಿಗೆ ಬಂದಿದ್ದ ಮಗ ಇದು, ನಾನೇ ಬಸ್ಸು ಹತ್ತಿಸಿದ್ದು ಅನ್ನುತ್ತಿದ್ದಳು. ನಾನು ತಿದ್ದುತ್ತಿರಲಿಲ್ಲ. ಅವಳು ತೀರಿಕೊಂಡು ಈಗ ಆರು ವರ್ಷ. ನಾನು ಅವಳ ಊರಿಗೆ ಹೋಗಿದ್ದೆನೋ, ಅವಳು ನನ್ನಲ್ಲಿಗೆ ಬಂದಿದ್ದಳೋ ಅನ್ನುವುದು ನಮ್ಮಿಬ್ಬರಲ್ಲಿ ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಇಬ್ಬರಲ್ಲಿ ಒಬ್ಬರು ತಪ್ಪಿರಲೇಬೇಕು. ಅದು ನಾನೇ ಇರಬಹುದು ಅಂತ ಈಚೀಚೆಗೆ ಅನ್ನಿಸುತ್ತಿದೆ.