ಹಿಂದೆ ಬಲೂನು, ಮುಂದೆ ಚೆಂಡುಹೂವು

ಬ್ರಿಕ್‌ಫೀಲ್ಡ್ಸ್‌ನ ಹೂವಿನ ಅಂಗಡಿಗಳ ಮುಂದೆ ಯಾರಾದರೂ ಬೈಕಿನ ಎಂಜಿನ್ ಆರಿಸದೆ ನಿಂತು ಮಾಲೆ ಕೊಳ್ಳುತ್ತಿದ್ದರೆ ನನ್ನ ಕಾಲು ತಾನಾಗಿಯೇ ನಿಧಾನವಾಗುತ್ತದೆ. ನೀರು ಚಿಮುಕಿಸಿದ ಚೆಂಡುಹೂವಿನ ಒಗರು ವಾಸನೆ, ಅದರ ಜೊತೆಗೆ ಪೆಟ್ರೋಲಿನ ಹೊಗೆ. ಬೇರೆಬೇರೆಯಾಗಿ ಬಂದರೆ ನನಗೇನೂ ಆಗುವುದಿಲ್ಲ; ಹೂವು ಹೂವೇ, ಹೊಗೆ ಹೊಗೆಯೇ. ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ಮಾತ್ರ ನಾನು ಪುಚೊಂಗ್‌ನ ನಮ್ಮ ಹಳೆಯ ಕಾಂಡೊ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಟ್ಯೂಬ್‌ಲೈಟಿನ ಮಂಕು ಬೆಳಕಿನಲ್ಲಿ, ಕೈತುಂಬ ಬಾಳೆನಾರು ಹಿಡಿದುಕೊಂಡು ನಿಂತುಬಿಡುತ್ತೇನೆ. ಕೌಲಾಲಂಪುರದ ದೊಡ್ಡ ರೈಲು ನಿಲ್ದಾಣ ಕೆಎಲ್ ಸೆಂಟ್ರಲ್ ಕಡೆಗೆ ಧಾವಿಸುವ ಜನ ಭುಜ ತಾಗಿಸಿ ಗೊಣಗಿಕೊಂಡು ಹೋಗುತ್ತಾರೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಇದ್ದರೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಆ ಮನೆ ಈಗ ನಮ್ಮದಲ್ಲ. ಆಗಲೂ ನಮ್ಮದಾಗಿರಲಿಲ್ಲ, ಬಾಡಿಗೆಯದು. ಆದರೆ ನಾನು ಹುಟ್ಟಿ ಬೆಳೆದದ್ದು ಅಲ್ಲಿಯೇ ಆದ್ದರಿಂದ ಆ ವ್ಯತ್ಯಾಸ ನನಗೆ ಬಹಳ ದಿನ ಗೊತ್ತೇ ಇರಲಿಲ್ಲ. ಬಾಲ್ಕನಿಯಲ್ಲಿ ಪೇಂಟಿನ ಡಬ್ಬದಲ್ಲಿ ಅಮ್ಮನ ತುಳಸಿ, ಕೆಳಗೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಏರಿ ಬರುವ ರೊಟ್ಟಿಯ ಎಣ್ಣೆ ಕಮಟು, ದೂರದಲ್ಲಿ ಎಲ್‌ಆರ್‌ಟಿ ರೈಲು ತಿರುವಿನಲ್ಲಿ ಕಿರುಗುಟ್ಟುವ ಸದ್ದು. ಕೊರೊನಾ ಬಂದು ಎಲ್ಲರನ್ನೂ ಒಳಗೆ ಕೂಡಿಹಾಕಿದ ಮೇಲೆ ಆ ಮನೆ ಇದ್ದಕ್ಕಿದ್ದಂತೆ ಚಿಕ್ಕದಾಯಿತು. ಮಲಗುವ ಕೋಣೆಯಲ್ಲಿ ಅಪ್ಪನ ಆಫೀಸು, ಊಟದ ಮೇಜಿನ ಮೇಲೆ ಅಕ್ಕನ ಆನ್‌ಲೈನ್ ಕ್ಲಾಸು, ಸೋಫಾದ ಒಂದು ಮೂಲೆಯಲ್ಲಿ ನನ್ನದು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಮೂರು ಕಡೆಯಿಂದ ಏಕಕಾಲಕ್ಕೆ "ಮ್ಯೂಟ್, ಮ್ಯೂಟ್" ಎಂಬ ಕೂಗು ಏಳುತ್ತಿತ್ತು. ಇವೆಲ್ಲದರ ನಡುವೆ, ಯಾವ ಪರದೆಯನ್ನೂ ನೋಡದೆ, ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೆಳಗಿನ ಖಾಲಿ ರಸ್ತೆಯನ್ನು ನೋಡುತ್ತಿದ್ದವರು ನಮ್ಮ ತಾತ.

ತಾತ ಅಪ್ಪನ ಅಪ್ಪ. ಮೈಸೂರಿನಲ್ಲಿ ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಅಜ್ಜಿ ತೀರಿಕೊಂಡ ಮೇಲೆ ಮಗಳ, ಅಂದರೆ ನಮ್ಮ ಅತ್ತೆಯ ಮನೆಯಲ್ಲಿದ್ದರು. ಸ್ವಲ್ಪ ದಿನ ಇದ್ದು ಹೋಗಲಿ ಎಂದು ಅಪ್ಪ ಕರೆಸಿಕೊಂಡರು, ಬಂದ ಕೆಲವೇ ವಾರಗಳಲ್ಲಿ ಗಡಿಗಳು ಮುಚ್ಚಿದವು. ಜೀವಮಾನವಿಡೀ ಊರಿಂದ ಊರಿಗೆ ಓಡಾಡಿದ ಮನುಷ್ಯ ಲಿಫ್ಟಿನವರೆಗೂ ಹೋಗುವಂತಿಲ್ಲದೆ ಕೂತರು. ಅವರ ಕೈಗೆ ಕೆಲಸ ಕೊಟ್ಟಿದ್ದು ನಮ್ಮ ಹಳೆಯ ಪುಟ್ಟ ಮೈವಿ ಕಾರು. ನಿಂತಲ್ಲೇ ನಿಂತು ಕಾಂಡೊದಲ್ಲಿ ಒಬ್ಬೊಬ್ಬರ ಕಾರಿನ ಬ್ಯಾಟರಿಯೂ ಸಾಯತೊಡಗಿದಾಗ, ದಿನಾ ಒಂದು ಸಲ ಎಂಜಿನ್ ಶುರುಮಾಡಿ ಬರುವ ಜವಾಬ್ದಾರಿಯನ್ನು ತಾತ ವಹಿಸಿಕೊಂಡರು. ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಡ್ಯೂಟಿಗೆ ಹೊರಟವರ ಹಾಗೆ ಬೇಸ್‌ಮೆಂಟಿಗೆ ಇಳಿಯುತ್ತಿದ್ದರು. ರಸ್ತೆಯಲ್ಲಿ ಓಡಿಸಲು ಇಲ್ಲಿನ ಲೈಸೆನ್ಸ್ ಅವರಿಗಿರಲಿಲ್ಲ. ಲೈಸೆನ್ಸ್ ಇದ್ದದ್ದು ಅಪ್ಪನಿಗೆ, ಅಮ್ಮನಿಗೆ. ಆದರೆ ಅಮ್ಮ ಒಮ್ಮೆ ಕಂಬಕ್ಕೆ ಸವರಿಸಿ, ಅಪ್ಪ "ಬಿಡು, ನಿನಗ್ಯಾಕೆ ಈ ಉಸಾಬರಿ" ಎಂದಿದ್ದೇ ನೆಪವಾಗಿ, ಸ್ಟೀರಿಂಗ್ ಮುಟ್ಟುವುದನ್ನೇ ಬಿಟ್ಟಿದ್ದಳು.

"ಬಾಮ್ಮ ಸುಮಾ, ಗಾಡಿ ಸುಮ್ನೆ ಉರೀತಾ ನಿಂತ್ರೆ ಪ್ರಯೋಜ್ನ ಇಲ್ಲ, ಒಂಚೂರು ಉರುಳ್ಬೇಕು" ಎಂದು ತಾತ ಒಂದು ದಿನ ಅವಳನ್ನು ಕರೆದುಕೊಂಡು ಹೋದರು. ಆ ಮೇಲೆ ಅದು ದಿನಚರಿಯಾಯಿತು. ಜನರಿಲ್ಲದ ಬೇಸ್‌ಮೆಂಟಿನಲ್ಲಿ ಅಮ್ಮ ಮೊದಲನೇ ಗೇರಿನಲ್ಲಿ ಕಂಬಗಳನ್ನು ಸುತ್ತುವಳು, ತಾತ ಪಕ್ಕದಲ್ಲಿ ಕೂತು ಕಂಡಕ್ಟರನ ಕೆಲಸ ಮಾಡುವರು. ನಿಲ್ಲಿಸಬೇಕಾದಾಗ "ಹೋಲ್ಡಾನ್", ಬಿಡಬೇಕಾದಾಗ ಬಾಗಿಲನ್ನು ಎರಡು ಸಲ ಬಡಿದು "ರೈಟ್". ಬೇರೆ ಪಾಠವಿಲ್ಲ, ಬೈಗುಳವಿಲ್ಲ. ಎಂಜಿನ್ ಆರಿಹೋದರೆ ಏನೂ ಆಗಿಲ್ಲವೆಂಬಂತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಹಿಂದಿನ ಸೀಟಿನಲ್ಲಿ ನಾನು ಪ್ರಯಾಣಿಕಳು. ಬಿಸಿಯಾದ ಸೀಟಿನ ವಾಸನೆ, ತಾತನ ವಿಭೂತಿ ವಾಸನೆ, ಅಮ್ಮ ತುಟಿ ಕಚ್ಚಿಕೊಂಡು ಕ್ಲಚ್ ಬಿಡುವಾಗಿನ ನಿಶ್ಶಬ್ದ, ಆಮೇಲೆ ಆ ಪದ. ಎಷ್ಟು ರೂಢಿಯಾಯಿತೆಂದರೆ ತಾತ "ರೈಟ್" ಅನ್ನದೆ ಅಮ್ಮ ಗಾಡಿ ಮುಂದಕ್ಕೆ ಬಿಡುತ್ತಲೇ ಇರಲಿಲ್ಲ.

ಅಕ್ಕನದು ಆಗ ಶಾಲೆಯ ಕೊನೆಯ ವರ್ಷ. ನನಗೆ ಹದಿಮೂರೋ ಹದಿನಾಲ್ಕೋ. ಅವಳ ಪಾಲಿಗೆ ಬರಬೇಕಾದ್ದೆಲ್ಲ ಒಂದೊಂದಾಗಿ ರದ್ದಾಗುತ್ತಾ ಹೋಯಿತು: ಪೆನಾಂಗ್ ಪ್ರವಾಸ, ಕ್ರೀಡಾಕೂಟ, ಅವಳು ವರ್ಷ ಮೊದಲೇ ಉಡುಪು ಆರಿಸಿಟ್ಟಿದ್ದ ಪ್ರಾಮ್ ಎಂಬ ಬೀಳ್ಕೊಡುಗೆ ನೃತ್ಯಕೂಟ. ಪ್ರತಿ ಸಲವೂ ಅವಳು "ಇಟ್ಸ್ ಓಕೆ ಲಾ" ಎಂದು ಇಲ್ಲಿನವರ ಧಾಟಿಯಲ್ಲಿ ಹೇಳಿ ಸ್ನಾನದ ಕೋಣೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು. ಮುಂದೂಡುತ್ತಾ ಮುಂದೂಡುತ್ತಾ ಉಳಿದಿದ್ದು ಗ್ರಾಜುಯೇಶನ್ ಒಂದೇ. ಅದಾದರೂ ವರ್ಷದ ಕೊನೆಗೆ ನಡೆಯುತ್ತದೆ ಎಂದು ಶಾಲೆಯಿಂದ ಸುದ್ದಿ ಬಂತು, ಆದರೆ ಸಭಾಂಗಣದಲ್ಲಲ್ಲ. ಕಾರು ಅಲಂಕರಿಸಿಕೊಂಡು ಬರಬೇಕು; ಸಾಲಿನಲ್ಲಿ ಶಾಲೆಯ ಅಂಗಳ ಹಾಯಬೇಕು; ಪ್ರಿನ್ಸಿಪಾಲರು ಕಿಟಕಿಯಲ್ಲೇ ಸರ್ಟಿಫಿಕೇಟ್ ಕೊಡುತ್ತಾರೆ. ಕಾರಿನಲ್ಲಿ ವಿದ್ಯಾರ್ಥಿಯ ಜೊತೆ ಮನೆಯವರು ಇಬ್ಬರು ಮಾತ್ರ. ಉಳಿದವರು ಮನೆಯಲ್ಲಿ ಕೂತು ಲೈವ್ ನೋಡಬಹುದು.

ಇಬ್ಬರು ಎಂದರೆ ಅಪ್ಪ ಅಮ್ಮ, ಅದರಲ್ಲಿ ಚರ್ಚೆಗೇನಿತ್ತು? ಆದರೆ ಒಂದು ವಿಷಯ ಎಲ್ಲರಿಗೂ ಗೊತ್ತಿತ್ತು. ಊರಿಗೆ ಹೋಗುವ ವಿಶೇಷ ವಿಮಾನದಲ್ಲಿ ಸೀಟಿದೆ ಎಂದು ಹೇಳಿದಾಗಲೆಲ್ಲ ತಾತ "ಮಗು ಡಿಗ್ರಿ ತಗೊಳ್ಳೋದು ನೋಡ್ಕೊಂಡೇ ಹೋಗ್ತೀನಿ" ಎಂದು ಮುಂದಕ್ಕೆ ಹಾಕುತ್ತಿದ್ದರು. ಅದು ಡಿಗ್ರಿಯಲ್ಲ ತಾತ, ಹೈಸ್ಕೂಲು ಎಂದು ಅಕ್ಕ ಹೇಳಿದರೂ ಅವರಿಗೆ ಅದು ಡಿಗ್ರಿಯೇ. ಯಾಕೆ ಅಷ್ಟೊಂದು ಹಟ ಎಂದು ನಾನು ಬೇಸ್‌ಮೆಂಟಿನಲ್ಲಿ ಕೇಳಿದೆ. ಗಾಜು ಒರೆಸುತ್ತಾ ಹೇಳಿದರು: "ನಿಮ್ಮಪ್ಪ ಗೌನ್ ಹಾಕ್ಕೊಂಡಿದ್ದು ನಾನು ನೋಡ್ಲಿಲ್ಲ ಮಗಾ. ಅವತ್ತು ಡಬಲ್ ಡ್ಯೂಟಿ ಬಿತ್ತು. ಫೋಟೋ ತೋರ್ಸಿದ, ಚೆನ್ನಾಗಿತ್ತು." ಅಷ್ಟು ಹೇಳಿ ಇನ್ನೊಂದು ಗಾಜಿನ ಕಡೆಗೆ ಹೋದರು.

ಅಲಂಕಾರದ ಮಾತು ಬಂದಾಗ ಮಾತ್ರ ಅವರು ಯಾರನ್ನೂ ಕೇಳಲಿಲ್ಲ. ಗಾಡಿ ಸಿಂಗಾರ ಎಂದರೆ ಅವರಿಗೆ ಗೊತ್ತಿದ್ದದ್ದು ಒಂದೇ, ಡಿಪೋದ ಆಯುಧಪೂಜೆ. ಅಪ್ಪನನ್ನು ಹೊರಡಿಸಿಕೊಂಡು ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ಚೀಲಗಟ್ಟಲೆ ಚೆಂಡುಹೂವು, ಬಾಳೆಕಂದು, ನಿಂಬೆಹಣ್ಣು, ಒಂದು ಬೂದುಗುಂಬಳ, ಹಂಚಲು ಕಡ್ಲೆಪುರಿ ಎಲ್ಲ ತಂದರು. ಕಡ್ಲೆಪುರಿಯನ್ನು ತಮಿಳು ಅಂಗಡಿಯವನ ಹತ್ತಿರ "ಪೊರಿ, ಪೊರಿ" ಎಂದು ಕೇಳಿ ಗಿಟ್ಟಿಸಿದ್ದನ್ನು ದೊಡ್ಡ ಸಾಹಸದಂತೆ ಹೇಳಿಕೊಂಡರು. ಅಕ್ಕ ಆ ರಾಶಿಯನ್ನು ನೋಡಿ ಬಾಗಿಲಲ್ಲೇ ನಿಂತಳು. ಅವಳು ತಿಳಿ ಗುಲಾಬಿ ಬಣ್ಣದ ಬಲೂನು, ರಿಬ್ಬನ್ನು ಆರ್ಡರ್ ಮಾಡಿ ಇಟ್ಟುಕೊಂಡಿದ್ದಳು.

"ತಾತ, ಪ್ಲೀಸ್ ಲಾ. ಎವ್ರಿಬಡಿ ಈಸ್ ಡೂಯಿಂಗ್ ಬಲೂನ್ಸ್. ದಿಸ್ ಈಸ್ ನಾಟ್ ಆಯುಧಪೂಜೆ."

"ಬಲೂನು ಬೇಡ ಅಂದ್ನೇನಮ್ಮ? ಹಿಂದ್ಗಡೆ ನಿಂದು, ಮುಂದ್ಗಡೆ ನಂದು. ಗಾಡಿ ಉದ್ದ ಇದೆ."

ಮೈವಿ ಉದ್ದದ ಗಾಡಿ ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅಕ್ಕನಿಗೂ ನಗು ಬಂತು, ಒಪ್ಪಿಕೊಂಡಳು. ಗ್ರಾಜುಯೇಶನ್ನಿನ ಹಿಂದಿನ ದಿನ ಮಧ್ಯಾಹ್ನವೆಲ್ಲ ನಾವು ಬೇಸ್‌ಮೆಂಟಿನಲ್ಲಿ ಕಳೆದೆವು. ತಾತ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಮಾಲೆ ಕಟ್ಟಿದರು, ನಾನು ನಾರು ಸೀಳಿ ಕೊಟ್ಟೆ. ನಡುನಡುವೆ ಬ್ಯಾಟರಿಗೆಂದು ಎಂಜಿನ್ ಶುರುಮಾಡುತ್ತಿದ್ದರು, ಹೊಗೆಯೂ ಹೂವೂ ಬೆರೆತು ಆ ತಗ್ಗು ಸೂರಿನ ಕೆಳಗೆ ನಿಂತುಬಿಡುತ್ತಿತ್ತು. ಕಾವಲಿಗಿದ್ದ ನೇಪಾಳದ ಹುಡುಗ ಬಂದು ನೋಡಿ, ತಮ್ಮಲ್ಲೂ ದಸರೆಗೆ ಗಾಡಿಗೆ ಪೂಜೆ ಮಾಡುತ್ತೇವೆ ಎಂದು ಮುರುಕು ಇಂಗ್ಲಿಷಿನಲ್ಲಿ ಹೇಳಿ ಬೊಗಸೆ ತುಂಬ ಕಡ್ಲೆಪುರಿ ತೆಗೆದುಕೊಂಡು ಹೋದ. ಹಿಂದುಗಡೆ ಅಕ್ಕ ಊದಿ ಕಟ್ಟಿದ ಬಲೂನುಗಳು ಸೆಕೆಗೆ ಒಂದೊಂದೇ ಢಬ್ಬೆನ್ನುತ್ತಿದ್ದವು. ಪ್ರತಿ ಸದ್ದಿಗೂ ಅವಳು ಕಿರುಚುತ್ತಿದ್ದಳು, ತಾತ ತಲೆ ಎತ್ತದೆ "ಟೈರಲ್ಲ ತಾನೆ?" ಎಂದು ಕೇಳುತ್ತಿದ್ದರು. ಕೊರೊನಾದ ಆ ಎರಡು ವರ್ಷಗಳಲ್ಲಿ ನಾನು ಅಷ್ಟು ಸಂತೋಷವಾಗಿದ್ದ ಮಧ್ಯಾಹ್ನ ಇನ್ನೊಂದಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಇಳಿದೆವು. ಅಮ್ಮ ಮದುವೆಯ ರೇಷ್ಮೆಸೀರೆ ಉಟ್ಟಿದ್ದಳು, ಅಪ್ಪ ಟೈ ಕಟ್ಟಿಕೊಂಡಿದ್ದರು. ಅಕ್ಕ ಗೌನಿನ ಅಂಚನ್ನು ಎತ್ತಿ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ತಾತ ಬಿಳಿ ಪಂಚೆಯಲ್ಲಿ, ಹಣೆ ತುಂಬ ವಿಭೂತಿ ಇಟ್ಟು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು, ಆರತಿ ಎತ್ತಿದರು, ಕುಂಬಳಕಾಯಿ ಇಳಿ ತೆಗೆದರು. ಎಲ್ಲ ಮುಗಿಸಿ, ಡಿಪೋದಿಂದ ಬಸ್ಸು ಬಿಡುವವರ ಹಾಗೆ, ಪಕ್ಕಕ್ಕೆ ಸರಿದು ಕಂಬಕ್ಕೆ ಒರಗಿ ನಿಂತರು. ಅಮ್ಮ ಮುಂದಿನ ಬಾಗಿಲು ತೆರೆದಳು, ಆದರೆ ಕೂರಲಿಲ್ಲ.

"ಮಾವ, ನೀವ್ ಕೂತ್ಕೊಳಿ."

"ಏ, ಸುಮ್ನಿರಮ್ಮ. ತಾಯಿ ಇರ್ಬೇಕು ಅಲ್ಲಿ. ನಾನು ಲ್ಯಾಪ್‌ಟಾಪಲ್ಲಿ ನೋಡ್ತೀನಿ."

"ನೀವು ಕೂರ್ದೇ ಇದ್ರೆ ನಾನೂ ಕೂರಲ್ಲ" ಎಂದು ಅಮ್ಮ ಬಾಗಿಲು ಹಿಡಿದುಕೊಂಡೇ ನಿಂತಳು. ಅಕ್ಕ ಒಳಗಿನಿಂದ ಅವರಿಬ್ಬರನ್ನೂ ನೋಡಿದಳು, ಅಳು ಬರುವ ಮುಖ ಮಾಡಿದಳು. ಹೊತ್ತಾಗುತ್ತಿತ್ತು. ಅಪ್ಪ ಕೀ ಹಿಡಿದು ತಾತನನ್ನೇ ನೋಡುತ್ತಿದ್ದರು. ಏನು ಯೋಚಿಸಿದರೋ, ಬಂದು ಕೀಯನ್ನು ಅಮ್ಮನ ಅಂಗೈಯಲ್ಲಿಟ್ಟರು. "ನೀನ್ ಓಡ್ಸು. ಅಪ್ಪ ಪಕ್ಕದಲ್ಲಿರ್ತಾರೆ" ಎಂದರು. ಅಮ್ಮ ಹೌಹಾರಿದಳು. ಬೇಸ್‌ಮೆಂಟ್ ದಾಟಿ ಅವಳು ಗಾಡಿ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ತಾತ ಎರಡನೇ ಸಲ ಹೇಳಿಸಿಕೊಳ್ಳದೆ, ಹೋಗಿ ಪಕ್ಕದ ಸೀಟಿನಲ್ಲಿ ಕೂತುಬಿಟ್ಟರು. ಅವರಿಗೆ ಹೋಗಲು ಎಷ್ಟು ಆಸೆಯಿತ್ತೆಂದು ಆಗ ತಿಳಿಯಿತು.

ಮೇಲಿನ ರಸ್ತೆಗೆ ಹತ್ತುವ ಇಳಿಜಾರು ಕಡಿದಾಗಿತ್ತು. ನಡುವೆ ಗೇಟು ತೆರೆಯಲು ಕಾರು ನಿಲ್ಲಬೇಕಾಯಿತು. ಒಂದು ಗೇಣು ಹಿಂದಕ್ಕೆ ಜಾರಿತು. ಅಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡರು. "ಹೋಲ್ಡಾನ್" ಎಂಬ ತಾತನ ಧ್ವನಿ ಗೋಡೆಗೆ ಬಡಿದು ಕೇಳಿಸಿತು, ಗಡಿಬಿಡಿ ಒಂದಿಷ್ಟೂ ಇರಲಿಲ್ಲ ಅದರಲ್ಲಿ. ಗೇಟು ಎದ್ದಿತು. ಬಾಗಿಲ ಮೇಲೆ ಎರಡು ಏಟು, "ರೈಟ್". ಮುಂದೆ ಬಾಳೆಕಂದು ತೂಗುತ್ತಾ, ಹಿಂದೆ ಉಳಿದ ಬಲೂನುಗಳು ಕುಣಿಯುತ್ತಾ, ನಮ್ಮ ಮೈವಿ ಬಿಸಿಲಿಗೆ ಏರಿಹೋಯಿತು. ಶಾಲೆಯ ಗೇಟಿನಲ್ಲಿ ಕಾವಲಿನವನು "ಕಹ್ವಿನ್ ಕಾ?" ಎಂದು, ಮದುವೆಯಾ ಎಂದು ಮಲಯ್ ಭಾಷೆಯಲ್ಲಿ ಕೇಳಿದನಂತೆ. ಕುಂಕುಮ ಹಚ್ಚಿದ ಕಾರನ್ನು ನೋಡಿದರೆ ಯಾರಾದರೂ ಹಾಗೆಯೇ ಕೇಳುತ್ತಿದ್ದರು.

ಅಪ್ಪ ಟೈ ಬಿಚ್ಚದೆಯೇ ಸೋಫಾದಲ್ಲಿ ನನ್ನ ಪಕ್ಕ ಕೂತು ಲೈವ್ ನೋಡಿದರು. ಬಲೂನಿನ ಕಾರುಗಳು ಒಂದಾದ ಮೇಲೊಂದು ಹೋದವು, ಎಲ್ಲವೂ ತಿಳಿ ಬಣ್ಣದವು. ಆಮೇಲೆ ಪರದೆಯ ಮೂಲೆಯಲ್ಲಿ ಕೇಸರಿ ಬಣ್ಣ ಕಾಣಿಸಿತು. ಅಕ್ಕನ ಹೆಸರು ಕೂಗಿದರು. ಪ್ರಿನ್ಸಿಪಾಲರು ತಟ್ಟೆಯಲ್ಲಿ ಸರ್ಟಿಫಿಕೇಟ್ ಚಾಚಿದರು, ಕಿಟಕಿಯಿಂದ ಅಕ್ಕನ ಕೈ ಬಂತು. ಮುಂದಿನ ಕಿಟಕಿಯಲ್ಲಿ ತಾತ ಎರಡೂ ಕೈ ಜೋಡಿಸಿ ನಮಸ್ಕರಿಸಿದರು. ಅಲ್ಲಿಗೆ ಕಾರು ಹೊರಡಬೇಕಿತ್ತು, ಹೊರಡಲಿಲ್ಲ. ಹಿಂದಿನ ಕಾರುಗಳು ಕಾಯುತ್ತಿದ್ದವು. "ಏನಾಯ್ತು, ಆಫ್ ಆಯ್ತಾ?" ಎಂದು ಅಪ್ಪ ಎದ್ದು ನಿಂತರು. ಆಗ ಅಕ್ಕನ ಕೈ ಮತ್ತೆ ಹೊರಗೆ ಬಂತು, ಸರ್ಟಿಫಿಕೇಟ್ ಹಿಡಿದುಕೊಂಡೇ ಬಾಗಿಲನ್ನು ಎರಡು ಸಲ ಬಡಿಯಿತು. ಕಾರು ಹೊರಟಿತು. ಏನಾಯಿತೆಂದು ಅಮ್ಮ ಆಮೇಲೆ ಹೇಳಿದಳು. ಎಂಜಿನ್ ಆಫ್ ಆಗಿರಲಿಲ್ಲ. ಅವಳು ಎಂದಿನಂತೆ ಆ ಪದಕ್ಕೆ ಕಾಯುತ್ತಿದ್ದಳು. ತಾತ ಹಿಂದಕ್ಕೆ ತಿರುಗಿ ಸರ್ಟಿಫಿಕೇಟನ್ನೇ ನೋಡುತ್ತಾ ಕೂತಿದ್ದರು, ಮಾಸ್ಕು ಕಣ್ಣೀರಿಗೆ ಒದ್ದೆಯಾಗಿತ್ತು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ನಮ್ಮಕ್ಕ ಹಿಂದಿನಿಂದ, ಇಡೀ ಶಾಲೆಗೆ ಕೇಳುವ ಹಾಗೆ, "ರೈಟ್, ರೈಟ್! ಹೋಗ್ಲಿ ಮುಂದೆ!" ಎಂದು ಕೂಗಿದಳಂತೆ.

ಸಿಕ್ಕ ಮೊದಲ ವಿಮಾನದಲ್ಲಿ ತಾತ ಊರಿಗೆ ಹೋದರು. ಕಾರಿನ ಮಾಲೆಯನ್ನು ತಾವು ಹೊರಡುವವರೆಗೂ ತೆಗೆಯಲು ಬಿಡಲಿಲ್ಲ. ಹೋದ ಕೆಲವು ವಾರಗಳಲ್ಲೇ ಜ್ವರ ಬಂತು. ಅಪ್ಪ ಪ್ರಯಾಣದ ಕಾಗದಪತ್ರಗಳಿಗಾಗಿ ಓಡಾಡುತ್ತಿರುವಾಗಲೇ ಅತ್ತೆಯ ಫೋನು ಬಂತು. ಊಟದ ಮೇಜಿನ ಮೇಲೆ ಫೋನನ್ನು ನೀರಿನ ಚೊಂಬಿಗೆ ಒರಗಿಸಿಟ್ಟು ನಾವು ನಾಲ್ವರೂ ತಾತನ ಅಂತ್ಯಸಂಸ್ಕಾರವನ್ನು ನೋಡಿದೆವು. ಅಪ್ಪ ಆಗಲೂ ಅಳಲಿಲ್ಲ, ಆಮೇಲೂ ನಾನು ನೋಡಿದಂತೆ ಅಳಲಿಲ್ಲ. ಎಷ್ಟೋ ದಿನ ಸಂಜೆ ಹೊತ್ತು ಸುಮ್ಮನೆ ಬೇಸ್‌ಮೆಂಟಿಗೆ ಇಳಿದು, ಎಂಜಿನ್ ಶುರುಮಾಡಿ ಕೂತು ಬರುತ್ತಿದ್ದರು.

ನನ್ನ ಗ್ರಾಜುಯೇಶನ್ನಿನ ಹೊತ್ತಿಗೆ ಎಲ್ಲವೂ ಮೊದಲಿನಂತಾಗಿತ್ತು. ದೊಡ್ಡ ಸಭಾಂಗಣ, ಬೇಕಾದಷ್ಟು ಕುರ್ಚಿಗಳು, ಎಷ್ಟು ಜನ ಬಂದರೂ ಸರಿ. ಆ ಉದಾರವಾದ ಆಹ್ವಾನಪತ್ರ ನೋಡಿ ನನಗೆ ಸಿಟ್ಟೇ ಬಂತು. ಅಕ್ಕ ಆಗಲೇ ಓದಲು ದೂರ ಹೋಗಿದ್ದಳು. ಅಪ್ಪ ಅಮ್ಮ ಮೈಸೂರಿಗೆ ವಾಪಸ್ ಹೋಗುವವರಿದ್ದರು, ಮೈವಿಯನ್ನು ಕೊಳ್ಳುವವರು ನೋಡಿಕೊಂಡು ಹೋಗಿದ್ದರು. ಆ ದಿನ ಕಾರಿಗೆ ಹೂವಿರಲಿಲ್ಲ. ಅಮ್ಮ ಸ್ಟೀರಿಂಗ್ ಹಿಡಿದಳು, ಅಪ್ಪ ತಾತ ಕೂತಿದ್ದ ಸೀಟಿನಲ್ಲಿ ಕೂತರು, ನಾನು ಗೌನು ಎತ್ತಿಕೊಂಡು ಹಿಂದೆ. ಇಳಿಜಾರಿನ ನಡುವೆ ಗೇಟಿಗಾಗಿ ನಿಂತೆವು. ಗೇಟು ಎದ್ದಿತು. ಅಮ್ಮನ ಕಾಲು ಕ್ಲಚ್ಚಿನ ಮೇಲೆ ಹಾಗೇ ಇತ್ತು. ಹಿಂದಿನಿಂದ ಯಾರೋ ಹಾರ್ನ್ ಮಾಡಿದರು. ಅಪ್ಪ ಗಾಜು ಇಳಿಸಿ, ಕೈ ಹೊರಗೆ ಚಾಚಿ, ಬಾಗಿಲನ್ನು ಎರಡು ಸಲ ಬಡಿದರು.

"ರೈಟ್" ಎಂದರು. ಥೇಟ್ ತಾತನ ಧ್ವನಿ.

ಅಮ್ಮ ಕಣ್ಣೊರೆಸಿಕೊಂಡು ಗಾಡಿ ಬಿಟ್ಟಳು.