ಲಿನಕ್ಸ್ ಹಬ್ಬುವ ಅಂದಾಜು

ರಾಯಚೂರಿನ ನಮ್ಮ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರಿದ್ದರು. ಯಾರು ಹಳೆಯ ಕಂಪ್ಯೂಟರ್ ತಂದರೂ ಅದನ್ನು ನಡೆಸುವ ಹಳೆಯ ತಂತ್ರಾಂಶ ತೆಗೆದು, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಡುವುದು ಅವರ ಹುಕಿ. ನನ್ನ ಜೊತೆ ಬ್ಯಾಂಕಿಗೆ ಹೋದರೆ ಕೌಂಟರಿನ ಮೇಲೆ ಬಗ್ಗಿ ಒಳಗಿನ ಪರದೆಯನ್ನು ಇಣುಕುತ್ತಿದ್ದರು. ಅಲ್ಲಿ ಲಿನಕ್ಸ್ ಕಂಡರೂ ಕಾಣದಿದ್ದರೂ ನನ್ನ ಕಡೆ ತಿರುಗಿ, "ಹಬ್ಬಾಕತ್ತದ ರೀ, ಹಬ್ಬಾಕತ್ತದ" ಎನ್ನುತ್ತಿದ್ದರು. ಒಬ್ಬರು ಇಬ್ಬರಿಗೆ ಹೇಳಿದರೂ ಸಾಕು, ಬರುವ ದಸರೆಗೆ ಮಾನ್ವಿ ತಾಲೂಕು, ಅದರಾಚೆಯ ದಸರೆಗೆ ಇಡೀ ಜಿಲ್ಲೆ ಎಂಬುದು ಅವರ ಅಂದಾಜು.

ಒಮ್ಮೆ ದೇವದುರ್ಗದಿಂದ ಫೋನ್ ಬಂತು. ಅವರಿಂದಲೇ ಲಿನಕ್ಸ್ ಹಾಕಿಸಿಕೊಂಡಿದ್ದ ಜೆರಾಕ್ಸ್ ಅಂಗಡಿಯ ಹೆಣ್ಣುಮಗಳು.

"ಅಣ್ಣಾರ, ಇದನ್ನ ತೆಗದು ಹೋಗ್ರಿ. ಕನ್ನಡ ಅಕ್ಷರ ಎಲ್ಲಿ ಅದಾವೋ ತಿಳೀವಲ್ದು. ಮದುವಿ ಕಾರ್ಡಿನವರು ಬಂದು ಕುಂತಾರ."

ರಿಪೇರಿಯವರ ಮುಖ ಬಾಡಿತು. ನನ್ನನ್ನೂ ಎಳೆದುಕೊಂಡು ಬಸ್ ಹತ್ತಿದರು. ಆದರೆ ಅಂಗಡಿ ಮುಟ್ಟಿದ ಮೇಲೆ ಏನನ್ನೂ ತೆಗೆಯಲಿಲ್ಲ. ತಾವೇ ಕುಳಿತು ಒಂದೊಂದೇ ಅಕ್ಷರ ಹುಡುಕಿ ಕಾರ್ಡ್ ಟೈಪ್ ಮಾಡಿದರು. ವರನ ಹೆಸರು ಸರಿಯಾಗಿ ಮೂಡಿದಾಗ ವರನ ಅಪ್ಪನಿಗಿಂತ ಹೆಚ್ಚು ಹಿಗ್ಗಿದರು.

"ಇವತ್ತೇನೋ ಆತು. ನಾಳಿಗಿ ಇನ್ನೊಂದು ಕಾರ್ಡ್ ಅದಲ್ರೀ?" ಎಂದಳು ಆಕೆ.

"ಬರ್ತೀನವ್ವಾ."

ಆ ಮದುವೆ ಸೀಸನ್ ಪೂರ್ತಿ ಅವರು ದೇವದುರ್ಗದ ಬಸ್ಸಿನಲ್ಲೇ ಓಡಾಡಿದರು. ರಾಯಚೂರಿನ ಅಂಗಡಿಗೆ ಬೀಗ ಬಿತ್ತು, ಲಿನಕ್ಸಿಗೆ ಹೊಸಬರು ಯಾರೂ ಸೇರಲಿಲ್ಲ.

"ಎಲ್ಲಿಗಿ ಬಂತ್ರಿ ನಿಮ್ಮ ಅಂದಾಜು?" ಎಂದು ಕೆಣಕಿದೆ.

ಬೆವರು ಒರೆಸಿಕೊಂಡು ಗೆದ್ದವರಂತೆ ನಕ್ಕರು.

"ಬೆಳದಿಲ್ಲ, ಖರೆ. ಆದರ ಆಕಿ ಲಿನಕ್ಸ್ ಬಿಟ್ಟು ಹೋಗಿಲ್ಲ ನೋಡ್ರಿ!"