ಶುಕ್ರವಾರದ ಉಳಿತಾಯ ಮೇಳ

ಹೊಳೆನರಸೀಪುರದ ಬಸ್ಸಿಳಿದು ನಾಲೆ ಏರಿಯ ಮೇಲೆ ಸ್ವಲ್ಪ ನಡೆದರೆ ನಮ್ಮೂರು. ಅಂಚೆ ಕಚೇರಿ ಎಂದರೆ ನಮ್ಮ ಮನೆಯ ಜಗಲಿಗೆ ಅಂಟಿಕೊಂಡ ಕೋಣೆ. ಅಲ್ಲಿ ಪೋಸ್ಟ್ ಮಾಸ್ಟರ್, ಗುಮಾಸ್ತೆ, ಕಸ ಗುಡಿಸುವವಳು ಎಲ್ಲವೂ ನಾನೇ. ದಿನಕ್ಕೆ ಐದು ಗಂಟೆ ಕೆಲಸ, ಅದಕ್ಕೆ ತಕ್ಕ ಭತ್ಯೆ. ಅದನ್ನು ಸಂಬಳ ಎಂದು ಇಲಾಖೆ ಅಪ್ಪಿತಪ್ಪಿಯೂ ಕರೆಯುವುದಿಲ್ಲ. ಆಮೇಲೆ ನಾನು ಪಿಂಚಣಿ ಕೇಳಿಬಿಟ್ಟರೆ?

ಇಲಾಖೆಯ ಮಾತೇ ಬೇರೆ. ಊರವರು ತಮ್ಮ ದುಡ್ಡು ತೆಗೆಯಲು ಬಂದಾಗ ಪೆಟ್ಟಿಗೆಯಲ್ಲಿ ಸಾಲದಿದ್ದರೆ ಮೇಲಿನ ಕಚೇರಿಯಿಂದ ತರಿಸಬೇಕು. ಆ ಕಾಗದದಲ್ಲಿ ಅದಕ್ಕೆ 'ಲಯಬಿಲಿಟಿ' ಎಂದು ಹೆಸರು. ದುಡ್ಡು ಅವರದು, ಕೊಡುವುದು ಅವರಿಗೇ, ಹೊರೆ ಮಾತ್ರ ಇಲಾಖೆಗೆ! ಹೊಸ ಖಾತೆ ಒಂದೂ ಆಗದ ದಿನ ಲೆಕ್ಕದಲ್ಲಿ 'ನಿಲ್' ಎಂದು ಬರೆಯಬೇಕು. ನಿಲ್‌ಗಳು ಹೆಚ್ಚಾದರೆ ಐದು ಗಂಟೆಯನ್ನು ನಾಲ್ಕಕ್ಕೆ ಇಳಿಸುತ್ತಾರೆ, ಭತ್ಯೆಯನ್ನೂ ಇಳಿಸುತ್ತಾರೆ.

ಹೋದ ವರ್ಷ ವಾಟ್ಸಾಪಿನಲ್ಲಿ ಆಜ್ಞೆ ಬಂತು. ಬರುವ ಶುಕ್ರವಾರ ಉಳಿತಾಯ ಮೇಳ; ಪ್ರತಿ ಶಾಖೆಯೂ ಇಪ್ಪತ್ತೈದು ಹೊಸ ಖಾತೆ ತೆರೆಯಬೇಕು; ತಪ್ಪಿದರೆ ಕೆಲಸದ ಅವಧಿಯ ಮರುಪರಿಶೀಲನೆ. ನಾನು ಬೆಚ್ಚಿದ್ದು ಇಪ್ಪತ್ತೈದಕ್ಕಲ್ಲ, ಶುಕ್ರವಾರಕ್ಕೆ. ನಮ್ಮೂರಲ್ಲಿ ಮಂಗಳವಾರ, ಶುಕ್ರವಾರ ಯಾರೂ ಮನೆಯಿಂದ ದುಡ್ಡು ಆಚೆ ಕೊಡುವುದಿಲ್ಲ. ಅಂಗಡಿಯವನು ಕೂಡ ಆ ಎರಡು ದಿನ ಬಾಕಿ ಕೇಳುವುದಿಲ್ಲ. ನಾಲ್ಕು ಗಂಟೆಯ ಭತ್ಯೆಯಲ್ಲಿ ತಿಂಗಳು ಹೇಗೆ ದೂಡಲಿ ಎಂದು ಹೆದರಿ ಮೇಲಧಿಕಾರಿಗೆ ಫೋನ್ ಮಾಡಿದೆ.

"ಸಾರ್, ಒಂದು ದಿನ ಮುಂದಕ್ಕೆ ಹಾಕಿ."

"ಡೇಟು ಮೇಲಿಂದ ಫಿಕ್ಸ್ ಆಗಿದೆ ಮೇಡಂ. ನೀವು ಜನರಲ್ಲಿ ಜಾಗೃತಿ ಮೂಡಿಸಿ."

ಶುಕ್ರವಾರ ಬೆಳಿಗ್ಗೆ ಆ ಮೇಲಧಿಕಾರಿಗಳೇ ಜೀಪಿನಲ್ಲಿ ಬಂದರು, ಬ್ಯಾನರ್ ಕಟ್ಟಿಸಿದರು. ಅಷ್ಟರಲ್ಲಿ ಜಗಲಿ ತುಂಬ ಜನ. ಹೆಂಗಸರು ತಲೆಗೆ ಎರೆದುಕೊಂಡು ಹೂ ಮುಡಿದು ಬಂದಿದ್ದರು. ಅಧಿಕಾರಿಗಳ ಮುಖ ಅರಳಿತು. "ನೋಡಿದ್ರಾ, ಸುಮ್ಮನೆ ಹೆದರಿದ್ರಿ" ಎಂದರು. ಬಂದವರ ಕೈಯಲ್ಲಿದ್ದದ್ದೆಲ್ಲ ದುಡ್ಡು ತೆಗೆಯುವ ಫಾರಂ. ಶುಕ್ರವಾರ ಲಕ್ಷ್ಮಿ ಮನೆಗೆ ಬಂದರೆ ಒಳ್ಳೆಯದಲ್ಲವೇ! ಹನ್ನೊಂದಕ್ಕೆ ಪೆಟ್ಟಿಗೆ ಬರಿದಾಯಿತು. ನಾನು ಲಯಬಿಲಿಟಿ ಬರೆಯುತ್ತ ಕುಳಿತೆ.

ಅಧಿಕಾರಿಗಳು ಎದ್ದು ನಿಂತು ಮೂಢನಂಬಿಕೆಯ ಮೇಲೆ ಭಾಷಣ ಮಾಡಿದರು. ವಾರ ತಿಥಿ ನೋಡುವವರು ಉದ್ಧಾರವಾಗುವುದಿಲ್ಲ ಎಂದರು. ಎದುರುಮನೆಯ ಅಜ್ಜಿ ಎಲ್ಲ ಕೇಳಿಸಿಕೊಂಡು, ಎಲೆಅಡಿಕೆ ಉಗಿದು ಬಂದಳು.

"ಅಂಗಾರೆ ನೀವೇ ಮೊದ್ಲು ಒಂದು ಪಾಸ್‌ಬುಕ್ ಮಾಡುಸ್ಬುಡಿ ಸಾ. ನಿಮ್ಮಿಂದೆ ನಾವೆಲ್ಲ ಕಟ್ತೀವಿ ಕಣ."

"ಅದಕ್ಕೇನಂತೆ!" ಎಂದು ಅವರು ಜೇಬಿನಿಂದ ಪರ್ಸು ತೆಗೆದರು. ಬಿಡಿಸಿದರೆ ಒಳಗೆ ಸಣ್ಣದೊಂದು ಲಕ್ಷ್ಮಿಯ ಪಟ, ಅದರ ಮೇಲೆ ಬೆಳಗಿನ ಕುಂಕುಮ ಇನ್ನೂ ಹಸಿ. ಕೈ ಅಲ್ಲೇ ನಿಂತಿತು. ಪರ್ಸು ನಿಧಾನವಾಗಿ ಜೇಬು ಸೇರಿತು.

"ನಾಳೆ ನೋಡೋಣ ಅಜ್ಜಿ. ನಮ್ಮ ಮನೆಯವರೂ ಸ್ವಲ್ಪ..." ಎಂದು ಅರ್ಧಕ್ಕೇ ನಿಲ್ಲಿಸಿ ಜೀಪು ಹತ್ತಿದರು. ಅವರೂ ಇಲ್ಲೇ ಪಕ್ಕದ ಚನ್ನರಾಯಪಟ್ಟಣದ ಕಡೆಯವರು, ಪಾಪ.

ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅಜ್ಜಿ ನಿಂತಿದ್ದಳು. ಸಂಜೆಯೊಳಗೆ ಇಪ್ಪತ್ತೆಂಟು ಖಾತೆ ಆದವು. ಖುಷಿಯಿಂದ ಲೆಕ್ಕ ಕಳಿಸಿದೆ. ಮೇಳದ ದಿನದ್ದು ಮಾತ್ರ ಕಳಿಸಿ ಎಂದು ಉತ್ತರ ಬಂತು. ನಿಲ್ ಎಂದು ಬರೆದೆ.

ವಾರ ಕಳೆಯುವುದರೊಳಗೆ ಮೆಮೊ. ಮೇಳದ ದಿನ ಒಂದೂ ಖಾತೆ ಏಕೆ ಆಗಲಿಲ್ಲ, ಕೆಲಸದ ಅವಧಿಯನ್ನು ಏಕೆ ಇಳಿಸಬಾರದು, ಮೂರು ದಿನದಲ್ಲಿ ಸಮಜಾಯಿಷಿ ಕೊಡಿ. ಕೆಳಗೆ ಅದೇ ಅಧಿಕಾರಿಯ ಸಹಿ. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ಲೋಟ ನೀರು ಕುಡಿದು ಉತ್ತರ ಬರೆಯಲು ಕುಳಿತೆ.

'ಸದರಿ ದಿನ ಸ್ಥಳದಲ್ಲಿ ಹಾಜರಿದ್ದವರಲ್ಲಿ ಯಾರೊಬ್ಬರೂ ಹಣ ಕಟ್ಟಲು ಒಪ್ಪಿರುವುದಿಲ್ಲ. ಹಾಜರಿದ್ದವರ ಪಟ್ಟಿ ಲಗತ್ತಿಸಿದೆ.'

ಪಟ್ಟಿಯ ಮೊದಲನೇ ಸಾಲಿನಲ್ಲಿ ಅವರ ಹೆಸರು, ಹುದ್ದೆ ಬರೆದೆ. ಪ್ರತಿಯನ್ನು ಅವರ ಮೇಲಿನವರಿಗೂ ಕಳಿಸುವುದೋ ಹೇಗೆ ಎಂದು ವಿನಯದಿಂದ ಕೇಳಿದೆ. ಉತ್ತರ ಬರಲಿಲ್ಲ. ನನ್ನ ಐದು ಗಂಟೆ ಐದಾಗಿಯೇ ಉಳಿಯಿತು. ಮುಂದಿನ ಮೇಳವನ್ನು ಬುಧವಾರ ಇಟ್ಟರು.